ಪಾಲುದಾರ

ಇನ್ನೊಮ್ಮೆ ನಡೆಯಬೇಕು ಎಂದರು. ಬಾಗಿಲಿನಿಂದ ಕೆಂಪು ಹಾಸಿನ ತುದಿಯವರೆಗೆ, ನಿಧಾನವಾಗಿ, ಕೈ ಬೀಸದೆ. ಬೆಳಗಿನಿಂದ ಎಷ್ಟು ಸಲ ನಡೆದೆನೆಂಬ ಲೆಕ್ಕ ಇನ್ಪೆಂಗನಿಗೇ ತಪ್ಪಿತ್ತು. ಕೊರಳಲ್ಲಿ ನೇತಾಡುತ್ತಿದ್ದ ರಟ್ಟಿನ ಫಲಕ ಪ್ರತಿ ಹೆಜ್ಜೆಗೂ ಅಂಗಿಯ ಗುಂಡಿಗೆ ಬಡಿದು ಟಪ್ ಟಪ್ ಎನ್ನುತ್ತಿತ್ತು. ‘ಪಾಲುದಾರ ದೇಶ’ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. ನಾಳೆ ರಾಜಧಾನಿ ವಿಯೆಂಟಿಯಾನಿನ ಈ ಸಭಾಭವನದಲ್ಲಿ ಅಕ್ಕಪಕ್ಕದ ದೇಶಗಳ ಮುಖಂಡರೆಲ್ಲ ಸೇರಿ ಆ ದೊಡ್ಡ ದೇಶದ ಪ್ರಧಾನಿಯ ಜೊತೆ ಸಹಕಾರದ ಒಪ್ಪಂದಕ್ಕೆ ಸಹಿ ಹಾಕುವವರಿದ್ದರು. ಇವತ್ತು ಅವರ ಬದಲಿಗೆ ವಿದೇಶಾಂಗ ಇಲಾಖೆಯ ನೌಕರರು ಒಬ್ಬೊಬ್ಬರು ಒಂದೊಂದು ದೇಶವಾಗಿ ನಿಂತು ತಾಲೀಮು ನಡೆಸುತ್ತಿದ್ದರು. ಇನ್ಪೆಂಗ್ ಆ ದೊಡ್ಡ ದೇಶದ ಪ್ರಧಾನಿಯಾಗಿದ್ದ. ಥಾಯ್ಲೆಂಡ್ ಆಗಿದ್ದ ಹುಡುಗಿ ಫಲಕವನ್ನು ಬೆನ್ನಿಗೆ ತಿರುಗಿಸಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದಳು. ಫಿಲಿಪ್ಪೀನ್ಸಿಗೆ ನೆಗಡಿಯಾಗಿತ್ತು. ಕಾಂಬೋಡಿಯ ಎರಡು ಸಲ ಹೇಳದೆ ಕೇಳದೆ ಸಿಗರೇಟಿಗೆ ಹೋಗಿ ಬಂದಿತ್ತು. “ಪಾಲುದಾರರೇ, ನನ್ನ ಪಾಲು ಎಲ್ಲಿ?” ಎಂದು ಮಲೇಷ್ಯ ಪಿಸುಗುಟ್ಟಿದಾಗ ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಇನ್ಪೆಂಗ್ ಮಾತ್ರ ನಗಲಿಲ್ಲ. ನಗದೆ ಇದ್ದದ್ದು ತನಗೆ ಸುಖವಾಗಿತ್ತೆಂದು ತಿಳಿದಾಗ ಅವನಿಗೆ ಕಸಿವಿಸಿಯಾಯಿತು.

ಅವನನ್ನು ಆರಿಸಿದ್ದು ಅವನ ಎತ್ತರಕ್ಕೆ, ಹೊಟ್ಟೆಗೆ. ಕ್ಯಾಮೆರಾದವರಿಗೆ ಅತಿಥಿಯ ಅಳತೆಯ ಒಬ್ಬ ಮನುಷ್ಯ ಬೇಕಾಗಿತ್ತು. “ಇಷ್ಟು ವರ್ಷ ಬೆಳೆಸಿದ ಹೊಟ್ಟೆ ಕೊನೆಗೂ ದೇಶಸೇವೆಗೆ ಬಂತು ನೋಡಪ್ಪ” ಎಂದು ಇಲಾಖೆಯ ನಿರ್ದೇಶಕ ಫೈಬೂನ್ ಎಲ್ಲರೆದುರು ಹೇಳಿದ್ದ. ಎಲ್ಲರೂ ನಕ್ಕಿದ್ದರು, ಇನ್ಪೆಂಗ್ ಎಲ್ಲರಿಗಿಂತ ಚೂರು ಹೆಚ್ಚು ಹೊತ್ತು ನಕ್ಕಿದ್ದ. ಆ ಹೆಚ್ಚಿನ ನಗು ಈಗ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅದೇ ದೊಡ್ಡ ದೇಶದ ವಿದ್ಯಾರ್ಥಿವೇತನದ ಮೇಲೆ ಇಬ್ಬರೂ ಒಟ್ಟಿಗೆ ಓದಲು ಹೋಗಿದ್ದರು. ಹಿಮ ಬೀಳುವ ಊರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಇಬ್ಬರಿಗೂ ಸೇರಿ ಒಂದೇ ದಪ್ಪ ಕೋಟು. ಯಾರು ಮೊದಲು ಏಳುತ್ತಾರೋ ಅವರಿಗೆ ಕೋಟು ಎಂದು ಕರಾರಾಗಿತ್ತು. ಫೈಬೂನ್ ಯಾವತ್ತೂ ಮೊದಲು ಏಳುತ್ತಿದ್ದ. ಅವನು ಎದ್ದ ಸದ್ದು ಕೇಳಿಸಿದರೂ ಇನ್ಪೆಂಗ್ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಅದು ನಿದ್ದೆಯೋ ಸೋಮಾರಿತನವೋ ಹೆದರಿಕೆಯೋ ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಈಗ ಕೆಂಪು ಹಾಸಿನ ತುದಿಯಲ್ಲಿ ಆತಿಥೇಯ ಪ್ರಧಾನಿಯ ಫಲಕ ಹಾಕಿಕೊಂಡು ನಿಂತಿದ್ದವನು ಅದೇ ಫೈಬೂನ್. ಇನ್ಪೆಂಗ್ ಹತ್ತಿರ ಬಂದ ಕೂಡಲೆ ಅವನು ಎರಡೂ ಕೈ ಚಾಚಿ, ಸೊಂಟ ತುಸು ಬಾಗಿಸಿ, ಮುಖದ ತುಂಬ ನಗು ತಂದುಕೊಂಡು ಕೈ ಹಿಡಿದ. ತಾಲೀಮಿನ ಬಾಗುವಿಕೆ. ಆದರೂ ಬಾಗಿದ ಬೆನ್ನು ಬೆನ್ನೇ ಅಲ್ಲವೆ. ಇನ್ಪೆಂಗನ ಒಳಗೆ ಏನೋ ಒಂದು ಮೈಮುರಿದು ಎದ್ದು ಕುಳಿತಿತು.

ದೊಡ್ಡ ಮನುಷ್ಯನಾಗುವುದು ಇಷ್ಟು ಸುಲಭ ಎಂದು ಅವನು ಎಣಿಸಿರಲಿಲ್ಲ. ಹೆಜ್ಜೆ ತಾನೇ ನಿಧಾನವಾಯಿತು. ಯಾರಾದರೂ ಕುರ್ಚಿ ಎಳೆದುಕೊಟ್ಟರೆ ಕುರ್ಚಿಯ ಕಡೆ ನೋಡದೆ ಕೂರುವುದು, ಲೇಖನಿ ಕೊಟ್ಟವನ ಮುಖ ನೋಡದೆ ಲೇಖನಿ ತೆಗೆದುಕೊಳ್ಳುವುದು, ಇವೆಲ್ಲ ಮೈಗೆ ಮೊದಲೇ ಗೊತ್ತಿದ್ದ ಹಾಗಿತ್ತು. ಗೊತ್ತಿರದೆ ಏನು, ಇಷ್ಟು ವರ್ಷ ಕುರ್ಚಿ ಎಳೆದುಕೊಟ್ಟವನು ಅವನೇ ಅಲ್ಲವೆ. ಒಮ್ಮೆ ವಿಮಾನ ನಿಲ್ದಾಣದಲ್ಲಿ ಸುರಿಯುವ ಮಳೆಯಲ್ಲಿ ಯಾವುದೋ ದೇಶದ ಸಚಿವರೊಬ್ಬರಿಗೆ ಕೊಡೆ ಹಿಡಿದು ನಿಂತಿದ್ದ. ಸಚಿವರು ಬೀಳ್ಕೊಡಲು ಬಂದವರ ಜೊತೆ ಹರಟುತ್ತಲೇ ಇದ್ದರು. ಇನ್ಪೆಂಗನ ಬೂಟಿನೊಳಗೆ ನೀರು ತುಂಬಿ, ಬೆರಳು ಅಲ್ಲಾಡಿಸಿದರೆ ಪಚಪಚ ಎನ್ನುತ್ತಿತ್ತು. ಆ ಮನುಷ್ಯ ಒಂದು ಸಲವೂ ಕೊಡೆ ಎಲ್ಲಿಂದ ಬಂತೆಂದು ತಿರುಗಿ ನೋಡಿರಲಿಲ್ಲ. ಅವತ್ತು ಅವಮಾನ ಎನಿಸಿದ್ದು ಇವತ್ತು ಬೇರೆ ಬಗೆಯಲ್ಲಿ ಅರ್ಥವಾಯಿತು. ನೋಡಬಾರದೆಂದು ಅವರು ನೋಡದೆ ಇದ್ದದ್ದಲ್ಲ, ಕತ್ತು ತಾನಾಗಿಯೇ ಆ ಕಡೆ ತಿರುಗುವುದಿಲ್ಲ, ಅಷ್ಟೆ. ಈಗ ತನ್ನ ಕತ್ತೂ ತಿರುಗುತ್ತಿರಲಿಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ ಬುವಾಲಿ ಅಜ್ಜಿಯನ್ನು ಕರೆತಂದರು. ಸಹಿಯಾದ ಮೇಲೆ ಅತಿಥಿಯ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ಹರಸುವ ಶಾಸ್ತ್ರಕ್ಕೆ ಈ ಮುದುಕಿ. ಆ ದೇಶದ ಸಾಲದಿಂದ ಆದ ಹೊಸ ವೇಗದ ರಸ್ತೆಯ ಪಕ್ಕದ ಊರಿನವಳು. ರಸ್ತೆಯಿಂದ ಬಾಳು ಹಸನಾದ ಹಳ್ಳಿಯವರೊಬ್ಬರು ನೂಲು ಕಟ್ಟಿದರೆ ಟೀವಿಯಲ್ಲಿ ಚೆನ್ನಾಗಿರುತ್ತದೆ ಎಂದು ಮೇಲಿನವರಿಗೆ ಹೊಳೆದಿತ್ತು. ಅಜ್ಜಿ ಜರಿ ಅಂಚಿನ ಹೊಸ ಸಿನ್ ಲಂಗ ಉಟ್ಟು, ಅದು ಎಲ್ಲರಿಗೂ ಕಾಣಲೆಂದು ಒಂದು ಸುತ್ತು ತಿರುಗಿ, ಇನ್ಪೆಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇವನೇನಾ ಆ ದೊಡ್ಡೋನು? ನಮ್ಮೋನ ಹಾಗೇ ಇದಾನಲ್ಲೇ!”

“ಅಲ್ಲ ಅಜ್ಜಿ, ಇವರು ನಾಳೆ ಬರೋರಿಗೆ ಬದಲಿ” ಎಂದಳು ಥಾಯ್ಲೆಂಡ್.

“ಹಾಗನ್ನು. ಬೆದರುಬೊಂಬೆ.”

ಮತ್ತೆ ನಗು. ಈ ಸಲ ಫೈಬೂನ್ ಎಲ್ಲರಿಗಿಂತ ಜೋರಾಗಿ ನಕ್ಕ. ಇನ್ಪೆಂಗ್ ಅತಿಥಿಯ ನಗೆಯನ್ನು, ತುಟಿ ಮಾತ್ರ ಸರಿಯುವ ಆ ನಗೆಯನ್ನು, ನಕ್ಕು ಕೈ ಮುಂದೆ ಚಾಚಿದ.

ಅಜ್ಜಿಯ ಬೆರಳುಗಳು ಒರಟಾಗಿ, ಬೆಚ್ಚಗಿದ್ದವು. ಹೊರಗೆಲ್ಲೋ ಅಲೆಯಲು ಹೋದ ಜೀವಗಳನ್ನು ಮೈಗೆ ವಾಪಸು ಕರೆಯುವ ಮಾತುಗಳನ್ನು ಅವಳು ಒಂದೇ ಉಸಿರಿನಲ್ಲಿ ಗೊಣಗುತ್ತ, ನೂಲನ್ನು ಅವನ ಮಣಿಕಟ್ಟಿಗೆ ಒಳಗೂ ಹೊರಗೂ ಸವರಿದಳು. ಗಂಟು ಹಾಕುವಾಗ ರಾಗ ಬದಲಾಗಲಿಲ್ಲ, ಮಾತು ಮಾತ್ರ ಬದಲಾಯಿತು. ಅದು ಅವನಿಗೆ ತುಸು ತಡವಾಗಿ ತಿಳಿಯಿತು. “ನಮ್ಮೂರು ಬಾನ್ ನಾಲೊಂಗ್ ಕಣಪ್ಪ. ನಿಮ್ಮ ರಸ್ತೆ ಊರನ್ನ ಎರಡು ಹೋಳು ಮಾಡಿಬಿಡ್ತು. ಮನೆಗಳೆಲ್ಲ ಈಚೆ, ಭಿಕ್ಷುಗಳ ವಿಹಾರ ಆಚೆ, ನಡುವೆ ಆಳೆತ್ತರದ ತಂತಿಬೇಲಿ. ಬಳಸಿ ಬರಬೇಕು ಅಂದ್ರೆ ಅರ್ಧ ದಿನ. ಭಿಕ್ಷುಗಳು ಬೆಳಗ್ಗೆ ನಮ್ಮ ಕಡೆ ಬರೋದೇ ನಿಂತುಹೋಯ್ತು. ಅನ್ನ ಬೇಯಿಸಿ ಬುಟ್ಟಿ ಹಿಡ್ಕೊಂಡು ಬೀದೀಲಿ ಮಂಡಿಯೂರಿ ಕೂತ್ಕೋತೀನಿ. ಯಾರೂ ಬರಲ್ಲ. ಕೋಳಿ ಬರ್ತವೆ. ಒಂದು ಸೇತುವೆ ಹಾಕ್ಸಪ್ಪ. ದೊಡ್ಡದು ಬೇಡ, ನಡ್ಕೊಂಡು ದಾಟೋವಷ್ಟು ಸಾಕು.”

ಇನ್ಪೆಂಗ್ ತಲೆಯಾಡಿಸಿದ. ಅವನ ತಲೆ ಹಾಗೆ ಎಂದೂ ಆಡಿರಲಿಲ್ಲ: ಭಾರವಾಗಿ, ಒಂದೇ ಒಂದು ಸಲ, ಕೇಳಿದ್ದು ಆಗಲೇ ಆಗಿಹೋದ ಹಾಗೆ. ಅಜ್ಜಿಯ ಮುಖ ಅರಳಿತು. ಗಂಟು ಬಿಗಿದು ಅವನ ಕೈಯನ್ನು ಎರಡು ಸಲ ತಟ್ಟಿದಳು.

“ಏನು ಗೊಣಗ್ತಾಳೆ?” ಎಂದ ಫೈಬೂನ್, ದೂರದಿಂದ.

“ಮಂತ್ರ, ನಿರ್ದೇಶಕರೆ” ಎಂದ ಇನ್ಪೆಂಗ್.

“ಉದ್ದವಾಯ್ತು. ನಾಳೆ ಅಷ್ಟುದ್ದ ಬೇಡ ಅಂತ ಹೇಳು. ನೂಲು ಕಟ್ಟೋದು, ಕೈ ಮುಗಿಯೋದು, ಹಿಂದೆ ಸರಿಯೋದು. ಅಷ್ಟೇ.”

ಮಧ್ಯಾಹ್ನ ಭವನದ ಹಿಂದಿನ ಊಟದ ಮನೆಯಲ್ಲಿ ಅವನು ತಟ್ಟೆ ಹಿಡಿದುಕೊಂಡು ಅಜ್ಜಿಯ ಎದುರು ಕುಳಿತ. ಫಲಕ ತೆಗೆದಿಟ್ಟಿದ್ದ. ತೆಗೆದ ಮೇಲೆ ಕೊರಳು ಹಗುರವಾಗಲಿಲ್ಲ, ಬೋಳಾದಂತೆ ಅನಿಸಿತು. ಅಜ್ಜಿ ಅಂಟಕ್ಕಿ ಅನ್ನವನ್ನು ಉಂಡೆ ಮಾಡಿ ಖಾರದ ಚಟ್ನಿಗೆ ಅದ್ದಿ ತಿನ್ನುತ್ತ, ಈ ಊರಿನ ಅನ್ನ ರಬ್ಬರಿನ ಹಾಗಿದೆ ಎಂದು ಬೈದಳು. ಯಾರೂ ನೋಡದಾಗ ಎರಡು ಕಿತ್ತಳೆಹಣ್ಣು ಚೀಲಕ್ಕೆ ಸೇರಿಸಿದಳು.

“ಗಂಡ ಇದಾರಾ ಅಜ್ಜಿ?”

“ಇದಾನೆ, ರಸ್ತೆ ಕಡೆ ಕಿಟಕಿ ಹತ್ರ ಮಲಗಿದಾನೆ. ಭಿಕ್ಷುಗಳು ಬರದಿದ್ರೆ ನಾವೇ ಹೋಗಿ ಕೊಟ್ಟು ಬರೋಣ ಅಂತ ಅನ್ನದ ಬುಟ್ಟಿ ಸೊಂಟಕ್ಕೆ ಕಟ್ಕೊಂಡು ಬೇಲಿ ಹತ್ತಿದ. ಈ ವಯಸ್ಸಲ್ಲಿ! ಬಿದ್ದ. ಸೊಂಟ ಮುರೀತು. ಬುಟ್ಟಿಗೆ ಏನೂ ಆಗಲಿಲ್ಲ ನೋಡು.” ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, “ನಾಳೆ ಆ ನಿಜವಾದೋನಿಗೂ ಹೀಗೇ ಹೇಳಲಾ? ಇವತ್ತು ಹೇಳಿದ್ದು ಚೆನ್ನಾಗಿ ಬಂತಾ?”

ಇನ್ಪೆಂಗನಿಗೆ ನಾಳೆ ಕ್ಯಾಮೆರಾಗಳ ಮುಂದೆ ಇವಳು ಬಾಯಿ ತೆರೆಯುವುದು, ದುಭಾಷಿ ತಬ್ಬಿಬ್ಬಾಗುವುದು, ಫೈಬೂನ್ ತಿರುಗಿ ತನ್ನ ಕಡೆ ನೋಡುವುದು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. “ಬೇಡ ಅಜ್ಜಿ” ಎಂದ. “ಅವರಿಗೆ ನಮ್ಮ ಮಾತು ಬರಲ್ಲ. ನನಗೆ ಅವರ ಭಾಷೆ ಬರುತ್ತೆ. ಕಾರಿನವರೆಗೂ ಅವರ ಜೊತೆ ಹೋಗೋನು ನಾನೇ. ನಾನು ಹೇಳ್ತೀನಿ.”

“ನೀನೇ ಹೇಳ್ತೀಯಾ?”

“ನಾನೇ ಹೇಳ್ತೀನಿ.”

ಅಜ್ಜಿ ಚೀಲದಿಂದ ಒಂದು ಕಿತ್ತಳೆಹಣ್ಣು ತೆಗೆದು ಅವನ ತಟ್ಟೆಯಲ್ಲಿಟ್ಟಳು. ಲಂಚ ಕೊಟ್ಟ ಹಾಗೆ ಗಂಭೀರವಾಗಿ ಇಟ್ಟಳು.

ಸಂಜೆ ಮನೆಯಲ್ಲಿ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅವನು ಆ ಭಾಷೆಯಲ್ಲಿ ವಾಕ್ಯ ಕಟ್ಟತೊಡಗಿದ. ಮಾನ್ಯರೇ, ಇಲ್ಲೊಂದು ಹಳ್ಳಿ ಇದೆ. ಮಾನ್ಯರೇ, ಒಂದು ಸಣ್ಣ ವಿನಂತಿ. ಮೊದಲ ತುಂಡು ಸಲೀಸಾಗಿ ಬಂತು. ಮುಂದೆ ತಡೆಯಿತು. ಸುಂಕ, ಹೂಡಿಕೆ, ಪರಸ್ಪರ ಲಾಭ, ಎಲ್ಲಕ್ಕೂ ಅವನಲ್ಲಿ ಆ ಭಾಷೆಯ ಮಾತಿತ್ತು. ಬೆಳಗಿನ ಜಾವ ಬೀದಿಯಂಚಿನಲ್ಲಿ ಮಂಡಿಯೂರಿ ಕೂತು, ಬರಿಗಾಲಲ್ಲಿ ಬರುವ ಭಿಕ್ಷುಗಳ ಪಾತ್ರೆಗೆ ಒಂದೊಂದು ತುತ್ತು ಹಾಕುವುದಕ್ಕೆ ಮಾತಿರಲಿಲ್ಲ. ಗೊತ್ತಿದ್ದ ಒಂದೇ ಮಾತಿಗೆ ಆ ದೇಶದಲ್ಲಿ ತಿರುಪೆ ಎಂದರ್ಥ. ಭಿಕ್ಷುಕರು ಬರುತ್ತಿಲ್ಲ, ಸೇತುವೆ ಕಟ್ಟಿಸಿ ಎಂದು ಹೇಳಿದ ಹಾಗಾಗುತ್ತದೆ. ಆ ಭಾಷೆ ಕಲಿತ ಹಾಸ್ಟೆಲಿನ ಕಿಟಕಿಯ ಆಚೆ ಹಿಮ ಕಣ್ಣಿಗೆ ಬಂತು. ಅದಕ್ಕೂ ಮೊದಲು, ಚಿಕ್ಕಂದಿನಲ್ಲಿ, ಅಮ್ಮ ಅವನ ಕೈ ಹಿಡಿದು ಅನ್ನದ ಉಂಡೆ ಮಾಡಿಸುತ್ತಿದ್ದಳು. ಬಿಸಿಗೆ ಬೆರಳು ಚುರುಗುಟ್ಟುತ್ತಿತ್ತು. “ಊದಬೇಡ ಕಂದ, ಕೊಡೋ ಅನ್ನಕ್ಕೆ ಉಸಿರು ತಾಗಬಾರದು.” ಅವನು ಕದ್ದು ಊದಿದ್ದ. ಹೆಂಡತಿ ಚಂಥಾ ಬಾಗಿಲು ಬಡಿದಳು.

“ಯಾರ ಜೊತೆ ಮಾತಾಡ್ತಿದೀರಿ?”

“ಪ್ರಧಾನಿ ಜೊತೆ.”

“ಹಾಗಾದ್ರೆ ನಲ್ಲಿ ಸೋರ್ತಾ ಇದೆ ಅಂತಲೂ ಒಂದು ಮಾತು ಹೇಳಿ.”

ಅವನು ನಕ್ಕ. ನಗುತ್ತಿದ್ದ ಹಾಗೆಯೇ ಕನ್ನಡಿಯಲ್ಲಿ ತನ್ನ ಹೊಟ್ಟೆ ಅಲುಗುವುದು ಕಂಡು ನಿಲ್ಲಿಸಿದ. ಊಟಕ್ಕೆ ಕೂತಾಗಲೂ ವಾಕ್ಯ ಬಾಯಲ್ಲಿ ಕಲ್ಲಿನ ಹಾಗೆ ಹೊರಳುತ್ತಿತ್ತು. ಚಂಥಾ ಏನೋ ಕೇಳಿದಳು, ಅವನು ಏನೋ ಹೇಳಿದ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಮಾತು ಹೊಳೆಯಿತು. ಕಾಣಿಕೆ. ದೇವರಿಗೆ ಕೊಡುವ ಕಾಣಿಕೆ ಎಂದರೆ ಆಯಿತು. ಇಷ್ಟು ಸುಲಭವಾದದ್ದು ಹೊಳೆಯಲು ಇಷ್ಟು ಹೊತ್ತು ಯಾಕೆ ಬೇಕಾಯಿತೋ. ಇನ್ನು ಹೇಳದೆ ಇರಲು ಕಾರಣವೇ ಇಲ್ಲವಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನದ ತಳದಲ್ಲಿ ಸಣ್ಣ ನಿರಾಸೆಯೂ ಇತ್ತು.

ಮರುದಿನ ನಿಜವಾದ ಅತಿಥಿ ಕಾರಿನಿಂದ ಇಳಿದಾಗ ಇನ್ಪೆಂಗನಿಗೆ ಮೊದಲು ತೋರಿದ್ದು, ತಾನು ಇವರಿಗಿಂತ ಚೆನ್ನಾಗಿ ನಡೆದಿದ್ದೆ ಎಂಬುದು. ವಯಸ್ಸಾದ, ದಣಿದ ಮನುಷ್ಯ. ಎಡಗಾಲಿನ ಬೂಟು ಕಚ್ಚುತ್ತಿತ್ತೋ ಏನೋ, ಕೆಂಪು ಹಾಸಿನ ಮೇಲೆ ತುಸು ಕುಂಟಿದರು. ಮುಖಂಡರೆಲ್ಲ ಸಾಲಾಗಿ ನಿಂತು ಕೈಗೆ ಕೈ ಅಡ್ಡ ಹಿಡಿದು ಫೋಟೋ ತೆಗೆಸಿಕೊಂಡರು. ಯಾವ ಕೈ ಯಾರಿಗೆ ಎಂದು ಒಂದು ಗಳಿಗೆ ಗೊಂದಲವಾಗಿ ನಕ್ಕರು. ಭಾಷಣಗಳಾದವು. ಸ್ನೇಹ ಎಂಬ ಮಾತು ಬಂದಾಗಲೆಲ್ಲ ಚಪ್ಪಾಳೆ. ಸಹಿಗಳಾದವು. ಇನ್ಪೆಂಗ್ ಕಂಬದ ಪಕ್ಕ ನಿಂತು ಬಾಯೊಳಗೆ ವಾಕ್ಯವನ್ನು ತಿರುವಿ ಹಾಕುತ್ತಿದ್ದ. ಬುವಾಲಿ ಅಜ್ಜಿ ಬಂದಳು. ನೂಲು ಕಟ್ಟಿದಳು. ತುಟಿ ಎರಡೂ ಒತ್ತಿ ಹಿಡಿದಿದ್ದಳು, ಹರಸುವ ನಾಲ್ಕು ಮಾತು ಬಿಟ್ಟು ಇನ್ನೊಂದು ಮಾತು ಜಾರದಂತೆ. ಕೈ ಮುಗಿದು ಹಿಂದೆ ಸರಿಯುವಾಗ ಅವಳ ಕಣ್ಣು ಅತಿಥಿಯನ್ನು ಬಿಟ್ಟು, ಅಷ್ಟು ಜನರ ನಡುವೆ ಕಂಬದ ಪಕ್ಕದಲ್ಲಿದ್ದ ಅವನನ್ನು ಹುಡುಕಿ ಹಿಡಿಯಿತು. ಹುಬ್ಬು ಏರಿಸಿದಳು. ನನ್ನ ಪಾಲಿನ ಕೆಲಸ ಆಯ್ತು, ಇನ್ನು ನೀನು.

ಸಭಾಂಗಣದಿಂದ ಕಾರಿನವರೆಗಿನ ಉದ್ದನೆಯ ಮೊಗಸಾಲೆಯಲ್ಲಿ ಅವನು ಅತಿಥಿಯ ಎಡಕ್ಕೆ ನಡೆದ. ಕಾವಲಿನವರು ಮುಂದೆ, ಉಳಿದವರು ತುಸು ಹಿಂದೆ. ಇದಕ್ಕಿಂತ ಒಳ್ಳೆಯ ಸಮಯ ಕೇಳಿದರೂ ಸಿಗದು. ಮಾನ್ಯರೇ, ಇಲ್ಲೊಂದು ಹಳ್ಳಿ ಇದೆ. ಆ ಬಾಗಿಲು ದಾಟಿದ ಮೇಲೆ ಎಂದುಕೊಂಡ. ಬಾಗಿಲು ದಾಟಿದ್ದಾಯಿತು. ಆ ಹೂಕುಂಡದ ಹತ್ತಿರ. ಅಷ್ಟರಲ್ಲಿ ಅತಿಥಿಯೇ ನಿಂತರು. ಮಣಿಕಟ್ಟಿನ ನೂಲನ್ನು ಬೆರಳಿನಿಂದ ಮುಟ್ಟಿ ನೋಡುತ್ತ, “ಆ ಅಜ್ಜಿ ಕೊನೆಗೆ ನಿಮ್ಮ ಕಡೆ ನೋಡಿದರಲ್ಲ? ನನಗೆ ಏನಾದರೂ ಹೇಳಬೇಕಾಗಿತ್ತೇನು?” ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಅವರ ದನಿ ಒಳ್ಳೆಯದಾಗಿತ್ತು. ಅವರು ಅವನ ಮುಖವನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಯಾವ ಅತಿಥಿಯೂ ಅವನನ್ನು ಹಾಗೆ ನೋಡಿರಲಿಲ್ಲ.

“ನಿಮ್ಮ ಆಯುಸ್ಸು ಹೆಚ್ಚಲಿ ಎಂದು ಹರಸಿದರು, ಮಾನ್ಯರೇ” ಎಂದ ಇನ್ಪೆಂಗ್.

ಉಚ್ಚಾರಣೆ ಸ್ವಚ್ಛವಾಗಿತ್ತು. ಅತಿಥಿ ಸಂತೋಷಪಟ್ಟರು. “ನಮ್ಮ ಭಾಷೆ ಚೆನ್ನಾಗಿ ಮಾತಾಡುತ್ತೀರಿ” ಎಂದರು. ಕಾರಿನ ಬಾಗಿಲು ತೆರೆಯಿತು, ಮುಚ್ಚಿತು. ಕಾರುಗಳ ಸಾಲು ಗೇಟು ದಾಟುವವರೆಗೂ ಅವನು ಕೈ ಜೋಡಿಸಿ ನಿಂತಿದ್ದ. ಹೇಳಬಾರದೆಂದು ಯಾರೂ ಅವನನ್ನು ತಡೆದಿರಲಿಲ್ಲ. ಅದೊಂದೇ ಅವನ ತಲೆಯಲ್ಲಿ ತಿರುಗುತ್ತಿತ್ತು. ಯಾರಾದರೂ ತಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತು. ಫೈಬೂನ್, ಟೈ ಸಡಿಲಿಸಿಕೊಂಡಿದ್ದ. “ಗೆದ್ದೆವು ಮಾರಾಯ. ಆ ಮುದುಕಿ ತುಟಿ ಪಿಟಕ್ಕೆನ್ನಲಿಲ್ಲ! ಹೇಗೆ ಒಪ್ಪಿಸಿದೆ?”

ಇನ್ಪೆಂಗ್ ಅವನ ಮುಖ ನೋಡಿದ. ಆಮೇಲೆ, ಯಾರಿಗೆ ಹೇಳಬೇಕಾಗಿತ್ತೋ ಅವರಿಗೆ ಹೇಳದ ಮಾತನ್ನು ಇವನಿಗೆ ಹೇಳಿದ: “ಅವಳ ಊರಿಗೆ ಒಂದು ಕಾಲುಸೇತುವೆ ಬೇಕಂತೆ.”

“ಗೊತ್ತು.”

“ಗೊತ್ತಾ?”

“ಗೊತ್ತಿಲ್ದೆ ಏನು? ರಸ್ತೆ ಉದ್ದಕ್ಕೂ ಹೆಚ್ಚು ಗಲಾಟೆ ಮಾಡಿದ್ದು ಅದೇ ಊರು. ಅದಕ್ಕೇ ಅಲ್ವಾ ಅಲ್ಲಿಂದಲೇ ಕರೆಸಿದ್ದು. ಟೀವೀಲಿ ಎಲ್ಲರೂ ನೋಡಿದಾರೆ, ಹರಸಿ ನೂಲು ಕಟ್ಟಿದಾಳೆ. ಇನ್ನು ಆ ಊರಿಗೆ ತಕರಾರು ಎಲ್ಲಿಂದ ಬರುತ್ತೆ ಹೇಳು.” ಫೈಬೂನ್ ಅವನ ಹೆಗಲು ಅದುಮಿದ. “ಯಾಕೋ ಮುಖ ಹೀಗೆ? ನಿದ್ದೆ ಮಾಡಿಲ್ವಾ? ಹೋಗಿ ಮಲಗು.”

ಅವನು ಹಿಂದಿನ ಅಂಗಳಕ್ಕೆ ನಡೆದ. ಹೇಳಿಬಿಡಬೇಕು ಎಂದುಕೊಂಡೇ ನಡೆದ. ಹೇಳಲಿಲ್ಲ ಅಜ್ಜಿ ಎನ್ನಬೇಕು, ಕರೆಸಿದ್ದು ಇದಕ್ಕೆ ಎನ್ನಬೇಕು. ಬಿಸಿಲಲ್ಲಿ ಒಂದು ವ್ಯಾನು ನಿಂತಿತ್ತು. ಅಜ್ಜಿ ಅದರ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಅಡಿಕೆ ಜಗಿಯುತ್ತಿದ್ದಳು. ಅವನನ್ನು ಕಂಡದ್ದೇ ತಡ, ಮಂಡಿ ಹಿಡಿದುಕೊಂಡು ಎದ್ದಳು.

“ಹೇಳಿದೆಯಾ?”

“ಹೇಳಿದೆ.”

ಆ ಮಾತು ತನ್ನ ಬಾಯಿಂದ ಬಂದದ್ದು ಅವನಿಗೆ ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು.

“ಏನಂದ?”

“ನೋಡ್ತೀನಿ ಅಂದರು.”

“ಅಯ್ಯೋ ನನ್ನಪ್ಪ!” ಅಜ್ಜಿ ಅವನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಕೈಯಲ್ಲಿ ಸುಣ್ಣದ ವಾಸನೆ. ಚೀಲದಲ್ಲಿ ತಡಕಾಡಿ ಸಣ್ಣ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಗುಂಡಿ ಒತ್ತಿದಳು. “ತಗೋ, ನೀನೇ ಹೇಳು. ನಾನು ಹೇಳಿದ್ದು ಒಂದನ್ನೂ ನಂಬಲ್ಲ ಆ ಮುದುಕ.” ಫೋನನ್ನು ಅವನ ಕಿವಿಗೆ ಒತ್ತಿ, ತಾನು ವ್ಯಾನಿನ ಚಾಲಕನ ಕಡೆ ಹೋದಳು. ನೂಲಿನ ಶಾಸ್ತ್ರಕ್ಕೆಂದು ಬಾಳೆಲೆಯಲ್ಲಿ ಕಟ್ಟಿದ್ದ ಚೆಂಡುಹೂವಿನ ಪುಟ್ಟ ಗೋಪುರವನ್ನು ಊರಿಗೆ ಒಯ್ಯುವುದಕ್ಕೆ ಅವನ ಜೊತೆ ಜಗಳ ಶುರುವಾಯಿತು.

“ಯಾರು?” ಎಂದಿತು ಆಚೆಯ ದನಿ. ಮುದಿ ದನಿ, ಆದರೆ ಒಣಗಿದ ಬಿದಿರಿನ ಹಾಗೆ ಗಟ್ಟಿ.

“ನಾನು ತಾತ, ಇಲಾಖೆಯವನು.”

“ಆ ದೊಡ್ಡೋನಿಗೆ ಹೇಳ್ತೀನಿ ಅಂದೋನು ನೀನೇನಾ? ನಿನ್ನೆ ಫೋನಲ್ಲಿ ಅಂದಿದ್ಲು. ಹೇಳೋವಾಗ ಅವನು ನಿನ್ನ ಮುಖ ನೋಡ್ತಿದ್ದನಾ, ಗಡಿಯಾರ ನೋಡ್ತಿದ್ದನಾ?”

ಇನ್ಪೆಂಗ್ ಅಜ್ಜಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದ. “ಮುಖ ನೋಡ್ತಿದ್ದರು” ಎಂದ. ಅಷ್ಟು ನಿಜ ಹೇಳಿದ ಮೇಲೆ ಉಳಿದದ್ದು ತಡೆಯಲಿಲ್ಲ. “ತಾತ, ನಾನು ಹೇಳಲಿಲ್ಲ.”

“ಪೊಲೀಸು ಅಡ್ಡ ಬಂದರಾ?”

“ಇಲ್ಲ.”

“ಪುರಸೊತ್ತು ಇರಲಿಲ್ವೇನು?”

“ಇತ್ತು. ಅವರೇ ಕೇಳಿದರು. ನನಗೆ ಬಾಯಿ ಬರಲಿಲ್ಲ.”

ಫೋನಿನಲ್ಲಿ ರಸ್ತೆಯ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಗಾಡಿ ರೊಯ್ಯೆಂದು ಹತ್ತಿರ ಬಂದು, ಹಾದು, ದೂರವಾಯಿತು. ಇನ್ನೊಂದು ಬಂತು. ಇನ್ಪೆಂಗ್ ಬೈಗುಳಕ್ಕೆ ಕಾದ. ಬೈದರೆ ಬದುಕಿದೆ ಎಂಬ ಹಾಗೆ ಕಾದ.

“ಅವಳಿಗೆ ಗೊತ್ತಾ?”

“ಇಲ್ಲ. ಹೇಳಿದೆ ಅಂತಾನೇ ಅಂದಿದೀನಿ.”

“ಈಗ ಏನ್ ಮಾಡ್ತಿದಾಳೆ?”

ಅವನು ತಿರುಗಿ ನೋಡಿದ. “ಹೂವಿಗೆ ಚಾಲಕನ ಜೊತೆ ಜಗಳ ಆಡ್ತಿದಾರೆ.”

“ಗೆಲ್ತಾಳೆ ಬಿಡು.” ಮುದುಕ ಕೆಮ್ಮಿದ. “ನೋಡು ಮಗಾ, ಗೊತ್ತಾಗೋದು ಬೇಡ. ದಿನಾ ಬೆಳಗ್ಗೆ ಅವಳು ಖಾಲಿ ಬೀದಿಯಿಂದ ಒಳಗೆ ಬಂದಾಗ ‘ನಾಳೆ ಬರ್ತಾರೆ ಕಣೆ’ ಅಂತ ನಾನೇ ಹೇಳಿ ಹೇಳಿ ನಡೆಸ್ಕೊಂಡು ಬಂದಿದೀನಿ. ಒಬ್ಬನೇ ಹೇಳಿ ಸಾಕಾಗಿತ್ತು. ಈಗ ನೀನೂ ಸೇರ್ಕೊಂಡೆ. ಇಡು ಫೋನು.”

ಅಜ್ಜಿ ಹೂವಿನ ಗೋಪುರವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದಳು. ಗೆದ್ದಿದ್ದಳು.

“ಏನಂದ ಮುದುಕ? ನಂಬಿದನಾ?”

“ನಂಬಿದರು, ಅಜ್ಜಿ.”

“ನೋಡ್ದಾ! ದೊಡ್ಡೋರು ಹೇಳಿದ್ರೆ ನಂಬ್ತಾನೆ.” ಅವಳು ವ್ಯಾನು ಹತ್ತಿ ಕಿಟಕಿಯ ಪಕ್ಕ ಕೂತು, ಹೂವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡಳು. ಚಾಲಕ ಬೀಗದಕೈ ತಿರುವುತ್ತ, ಹೊಸ ರಸ್ತೆಯಲ್ಲಿ ಹೋದರೆ ಊಟದ ಹೊತ್ತಿಗೆ ನಿಮ್ಮ ಮನೆ ಕಾಣುತ್ತೆ ಅಜ್ಜಿ, ಆದರೆ ಅಲ್ಲಿ ಇಳಿಸೋಕೆ ಆಗಲ್ಲ, ಮುಂದೆ ತುಂಬ ದೂರ ಹೋಗಿ ತಿರುಗಿಸಿಕೊಂಡು ಬರಬೇಕು ಎಂದ. ಪರವಾಗಿಲ್ಲ, ಹಾಗೇ ಹೋಗು, ಬೇಲಿಯ ಆಚೆಯಿಂದಲೇ ಮುದುಕನಿಗೆ ಕೈ ಬೀಸ್ತೀನಿ ಎಂದಳು ಅಜ್ಜಿ.